'ಅರೈವ್' ಆದಮೇಲೆ 'ಟು' ಯಾಕೆ ತಪ್ಪು? 'ಅಟ್' ಯಾವಾಗ, 'ಇನ್' ಯಾವಾಗ?

ಶಿರಾಗೇಟ್_ತುಮಕೂರು

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಪ್ರಶ್ನೆ ಇದೆ. ನಿಮಗೆ ಚಿಕ್ಕದು ಅನ್ನಿಸಬಹುದು, ಆದರೆ ಮೂರು ದಿನದಿಂದ ನನ್ನ ತಲೆಯಿಂದ ಹೋಗುತ್ತಿಲ್ಲ.

ಹೋದ ವಾರ ಬೆಂಗಳೂರಿನ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಕಂಪನಿ ಹೆಸರು ಬೇಡ. ಡಿಪ್ಲೊಮಾ ಮುಗಿಸಿ ವಸಂತನರಸಾಪುರದಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಮಷಿನ್ ಬಗ್ಗೆ ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಟ್ಟೆ. ಕೊನೆಗೆ ಅಲ್ಲಿ ಕೂತಿದ್ದವರೊಬ್ಬರು ನಾನು ಹಿಂದಿನ ದಿನ ಕಳಿಸಿದ್ದ ಮೇಲ್ ತೆಗೆದು ಇನ್ನಿಬ್ಬರ ಎದುರಿಗೆ ಜೋರಾಗಿ ಓದಿದರು. ನಾನು ಬರೆದದ್ದು ಇಷ್ಟು: 'ಐ ವಿಲ್ ಅರೈವ್ ಟು ಬೆಂಗಳೂರು ಆನ್ ಮಂಡೇ ಮಾರ್ನಿಂಗ್ ಅಂಡ್ ರೀಚ್ ಟು ಯುವರ್ ಆಫೀಸ್ ಬೈ 10.' ಓದಿ, ಇದರಲ್ಲಿ ಎಷ್ಟು ತಪ್ಪಿದೆ ಹೇಳು ಅಂದರು. ನನಗೆ ಒಂದೂ ಕಾಣಲಿಲ್ಲ. ಅವರು ನಕ್ಕರು. ತಪ್ಪು ಏನು ಅಂತ ಮಾತ್ರ ಹೇಳಲಿಲ್ಲ. ನಗುವಷ್ಟು ಹೊತ್ತಿನಲ್ಲಿ ಹೇಳಿಕೊಟ್ಟಿದ್ದರೆ ಆಗುತ್ತಿತ್ತು, ಅಲ್ವಾ? ಬಹಳ ಬೇಜಾರಾಯಿತು.

ಮನೆಗೆ ಬಂದು ಹುಡುಕಿದೆ. ಎರಡು ಕಡೆಯೂ 'ಟು' ತಪ್ಪಂತೆ. ಆದರೆ 'ಗೋ ಟು ಬೆಂಗಳೂರು' ಸರಿ, 'ಕಮ್ ಟು ಬೆಂಗಳೂರು' ಸರಿ. 'ಗೆಟ್ ಟು ಬೆಂಗಳೂರು' ಕೂಡ ಸರಿ. ಮತ್ತೆ 'ಅರೈವ್'ಗೆ ಮಾತ್ರ ಏನಾಯಿತು? ಬಾಯಿಪಾಠ ಮಾಡು ಅಂತ ಹೇಳಬೇಡಿ. ಕಾರಣ ಗೊತ್ತಿದ್ದವರು ದಯವಿಟ್ಟು ಹೇಳಿ.

ನಂದಿತಪ್ಪಲು

ಬ್ರದರ್, ಸುಲಭ. ದೊಡ್ಡ ಜಾಗಕ್ಕೆ 'ಇನ್'. ದೇಶ, ರಾಜ್ಯ, ಸಿಟಿ. ಚಿಕ್ಕ ಜಾಗಕ್ಕೆ 'ಅಟ್'. ಸ್ಟೇಷನ್, ಆಫೀಸ್, ಹೋಟೆಲ್. 'ರೀಚ್' ಆದಮೇಲೆ ಏನೂ ಇಲ್ಲ. ಬ್ಯಾಂಕ್ ಪರೀಕ್ಷೆಗೆ ನಾನು ಓದಿದ್ದು ಇಷ್ಟೇ, ಕೆಲಸಕ್ಕೆ ಬಂತು.

ಶಿರಾಗೇಟ್_ತುಮಕೂರು

ಥ್ಯಾಂಕ್ಸ್ ಬ್ರದರ್. ಆದರೆ ದೊಡ್ಡದು ಚಿಕ್ಕದು ಅಂತ ಯಾರು ಅಳೆಯೋದು? ತುಮಕೂರು ದೊಡ್ಡದಾ? ಕ್ಯಾತ್ಸಂದ್ರ? ನಮ್ಮ ಅಜ್ಜಿ ಊರು ಮಧುಗಿರಿ ಹತ್ತಿರ, ನೂರು ಮನೆ ಇರಬಹುದು, ಅದು ಚಿಕ್ಕದು. ಆದರೆ ಬೆಂಗಳೂರು ಏರ್‌ಪೋರ್ಟ್ ನಮ್ಮ ಅಜ್ಜಿ ಊರಿಗಿಂತ ಎಷ್ಟೋ ಪಟ್ಟು ದೊಡ್ಡದು. ಅದಕ್ಕೆ 'ಅಟ್', ಅಜ್ಜಿ ಊರಿಗೆ 'ಇನ್' ಅಂತ ನೋಡಿದೆ. ಅಳತೆಯ ಲೆಕ್ಕ ಕೂಡುತ್ತಿಲ್ಲ.

ನಿವೃತ್ತ_ಮೇಷ್ಟ್ರು_ತಿಪಟೂರು

ಶಿರಾಗೇಟ್ ಅವರೇ, ನಿಮ್ಮ ಪ್ರಶ್ನೆ ಚಿಕ್ಕದಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. 'ಅರೈವ್ ಟು' ಬರೆಯದ ಬ್ಯಾಚ್ ಒಂದನ್ನೂ ನೋಡಲಿಲ್ಲ. ಅದು ದಡ್ಡತನ ಅಲ್ಲ. ಬರೆಯುವಾಗ ನಮ್ಮ ಕನ್ನಡ ಒಳಗಿಂದ ಕೈ ಹಿಡಿದು ಬರೆಸುತ್ತದೆ. ಅದು ಹೇಗೆ ಅಂತ ನೋಡಿ.

ನಾವು ಏನು ಹೇಳುತ್ತೇವೆ? ಬೆಂಗಳೂರಿಗೆ ಹೋದೆ. ಬೆಂಗಳೂರಿಗೆ ಬಂದೆ. ಬೆಂಗಳೂರಿಗೆ ತಲುಪಿದೆ. ಮೂರಕ್ಕೂ ಒಂದೇ 'ಗೆ'. ಈ 'ಗೆ', 'ಕ್ಕೆ' ಅಂದರೆ ಇಂಗ್ಲಿಷಿನಲ್ಲಿ 'ಟು' ಅಂತ ಐದನೇ ಕ್ಲಾಸಿನಲ್ಲೇ ಮನಸ್ಸಿಗೆ ಕೂತುಬಿಟ್ಟಿರುತ್ತದೆ. ಹಾಗಾಗಿ ಮೂರಕ್ಕೂ 'ಟು' ಹಾಕುತ್ತೇವೆ.

'ಅರೈವ್' ಅನ್ನುವ ಪದಕ್ಕೆ 'ಬರು' ಅಂತ ಅರ್ಥ ಬರೆದುಕೊಂಡಿದ್ದೇವಲ್ಲ, ತೊಡಕು ಶುರುವಾಗುವುದೇ ಅಲ್ಲಿ. ಇನ್ನು ಮುಂದೆ 'ಬಂದಿಳಿ' ಅಂತ ಬರೆದುಕೊಳ್ಳಿ. ಈಗ ಹೇಳಿ ನೋಡಿ. ಎಲ್ಲಿ ಬಂದಿಳಿದೆ? ಬೆಂಗಳೂರಿನಲ್ಲಿ ಬಂದಿಳಿದೆ. ಸ್ಟೇಷನ್ನಿನಲ್ಲಿ ಇಳಿದೆ. ಕ್ಯಾತ್ಸಂದ್ರದಲ್ಲಿ ಇಳಿದೆ. 'ಗೆ' ತಾನಾಗಿಯೇ ಹೋಯಿತು, 'ಅಲ್ಲಿ' ಬಂತು. ಇಂಗ್ಲಿಷಿನವರೂ ಅದನ್ನೇ ಮಾಡುತ್ತಾರೆ. 'ಗೋ', 'ಕಮ್', 'ಟ್ರಾವೆಲ್', 'ರಿಟರ್ನ್' ಇವೆಲ್ಲ ದಾರಿಯ ಪದಗಳು. ಇನ್ನೂ ಆ ಕಡೆಗೆ ಸಾಗುತ್ತಿದ್ದೇವೆ ಅನ್ನುವುದನ್ನು 'ಟು' ತೋರಿಸುತ್ತದೆ. 'ಅರೈವ್' ಹೇಳುವ ಹೊತ್ತಿಗೆ ದಾರಿ ಮುಗಿದಿದೆ. ಕಾಲು ಅಲ್ಲಿ ಊರಿದೆ. ಊರಿದ ಜಾಗ ಯಾವುದು ಅನ್ನುವುದಷ್ಟೇ ಬಾಕಿ. ಅದಕ್ಕೆ 'ಅಟ್' ಅಥವಾ 'ಇನ್'.

ಈ ಪದದ ಹುಟ್ಟು ಕೂಡ ಇದನ್ನೇ ಹೇಳುತ್ತದೆ. ಲ್ಯಾಟಿನ್ನಿನಲ್ಲಿ 'ರೀಪ' ಅಂದರೆ ದಡ. 'ದಡಕ್ಕೆ ಬಂದು ಮುಟ್ಟು' ಅನ್ನುವ ಅರ್ಥದ ಪದ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು 'ಅರೈವ್' ಆಯಿತು. ಮೊದಮೊದಲು ಅದನ್ನು ಹಡಗಿನಿಂದ ದಡಕ್ಕೆ ಇಳಿಯುವುದಕ್ಕೇ ಬಳಸುತ್ತಿದ್ದರು. ನಾವು 'ಅಂತೂ ದಡ ಸೇರಿದೆವು' ಅನ್ನುತ್ತೇವಲ್ಲ, ಹಾಗೆ.

'ರೀಚ್' ವಿಷಯ ಬೇರೆ. ಮಾತಿನಲ್ಲಿ 'ಊರಿಗೆ ತಲುಪಿದೆ' ಅನ್ನುತ್ತೇವೆ. ಆದರೆ ಹಳೆಯ ಕಥೆಗಳಲ್ಲಿ ಹೇಗೆ ಬರೆದಿರುತ್ತಾರೆ ನೆನಪಿಸಿಕೊಳ್ಳಿ. 'ಕಾಡನ್ನು ದಾಟಿ ಊರನ್ನು ತಲುಪಿದರು.' ಊರನ್ನು! ದ್ವಿತೀಯಾ ವಿಭಕ್ತಿ. 'ಅನ್ನು' ಬಂದ ಕಡೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಏನೂ ಬೇಡ. ಹಣ್ಣನ್ನು ತಿಂದೆ, ಪುಸ್ತಕವನ್ನು ಓದಿದೆ, ಊರನ್ನು ತಲುಪಿದೆ. ಹಾಗಾಗಿ 'ರೀಚ್ಡ್ ದಿ ವಿಲೇಜ್'. ನಡುವೆ 'ಟು' ಇಲ್ಲ, 'ಅಟ್' ಕೂಡ ಇಲ್ಲ.

'ಅಟ್' ಮತ್ತು 'ಇನ್' ನಡುವಿನ ವ್ಯತ್ಯಾಸಕ್ಕೆ ಕನ್ನಡದಲ್ಲಿ ಅಷ್ಟು ಸಹಾಯ ಸಿಗುವುದಿಲ್ಲ. ನಮಗೆ ಎರಡಕ್ಕೂ 'ಅಲ್ಲಿ' ಒಂದೇ. ಅದನ್ನು ಸಂಜೆ ಬರೆಯುತ್ತೇನೆ.

ಕೋಲಾರದ_ಅಕ್ಕ

ಮೇಷ್ಟ್ರೇ, 'ಬಂದಿಳಿ' ಓದಿ ಬಹಳ ಖುಷಿಯಾಯಿತು. ನಾನು ಕೋಲಾರದಲ್ಲಿ ಮನೆಯಲ್ಲೇ ಟ್ಯೂಷನ್ ಮಾಡುತ್ತೇನೆ. ನಮ್ಮಲ್ಲಿ ಅರ್ಧ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ. 'ಕೋಲಾರ್‌ಕಿ ವಚ್ಚಾನು' ಅನ್ನುತ್ತಾರೆ. ಕೆಜಿಎಫ್ ಕಡೆಯ ಮಕ್ಕಳು ತಮಿಳಿನಲ್ಲಿ 'ಊರುಕ್ಕು ವಂದೇನ್' ಅನ್ನುತ್ತಾರೆ. ಕಿ, ಕ್ಕು, ಕ್ಕೆ. ಮೂರು ಭಾಷೆಗೂ ಒಂದೇ ಅಭ್ಯಾಸ. ಹಾಗಾಗಿ ಇಡೀ ಬ್ಯಾಚ್ ಒಂದೇ ಸಲಕ್ಕೆ 'ಅರೈವ್ ಟು' ಅಂತ ಬರೆಯುತ್ತದೆ.

ನಾನು ನಿಯಮ ಹೇಳುವುದನ್ನು ಬಿಟ್ಟಿದ್ದೇನೆ. ಪ್ರಶ್ನೆ ಕೇಳಿಸುತ್ತೇನೆ. ಕ್ರಿಯಾಪದ ನೋಡಿದ ತಕ್ಷಣ ಮಗು ತನ್ನನ್ನೇ ಕೇಳಿಕೊಳ್ಳಬೇಕು: ಎಲ್ಲಿಗೆ? ಎಲ್ಲಿ? ಯಾವುದನ್ನು? 'ಗೋ' ಬಂದರೆ ಎಲ್ಲಿಗೆ, ಆಗ 'ಟು'. 'ಅರೈವ್' ಬಂದರೆ ಎಲ್ಲಿ, ಆಗ 'ಅಟ್' ಅಥವಾ 'ಇನ್'. 'ರೀಚ್' ಬಂದರೆ ಯಾವುದನ್ನು, ಆಗ ಏನೂ ಇಲ್ಲ. ಒಂದು ವಾರ ಜೋರಾಗಿ ಕೇಳಿಕೊಳ್ಳುತ್ತಾರೆ, ಆಮೇಲೆ ಒಳಗೊಳಗೇ ಕೇಳಿಕೊಳ್ಳುತ್ತಾರೆ.

'ಎಂಟರ್' ಕೂಡ 'ರೀಚ್' ಗುಂಪಿನದೇ. ಕೋಣೆಯನ್ನು ಪ್ರವೇಶಿಸಿದ, ಹಾಗಾಗಿ 'ಎಂಟರ್ಡ್ ದಿ ರೂಮ್'. 'ಎಂಟರ್ ಇಂಟು' ಅಂತ ಬರೆದರೆ ಒಪ್ಪಂದ ಮಾಡಿಕೊಳ್ಳುವ ಮಾತಾಗುತ್ತದೆ.

ಇನ್ನೊಂದು, ಇದು ಬಹಳ ಮುಖ್ಯ. ಮನೆ. 'ಅರೈವ್ಡ್ ಹೋಮ್', 'ಗಾಟ್ ಹೋಮ್', 'ರೀಚ್ಡ್ ಹೋಮ್', 'ವೆಂಟ್ ಹೋಮ್'. ಯಾವುದಕ್ಕೂ ನಡುವೆ ಏನೂ ಬೇಡ. 'ಹೋಮ್' ಅನ್ನುವ ಪದದ ಒಳಗೇ 'ಮನೆಗೆ' ಅನ್ನುವ ಅರ್ಥ ಸೇರಿಕೊಂಡಿದೆ. 'ಹಿಯರ್', 'ದೇರ್' ಕೂಡ ಹಾಗೆಯೇ. ನಾವು 'ಅಲ್ಲಿಗೆ', 'ಇಲ್ಲಿಗೆ' ಅಂತ 'ಗೆ' ಸೇರಿಸುತ್ತೇವೆ, ಅದನ್ನು ನೋಡಿ ಮಕ್ಕಳು 'ಟು ದೇರ್' ಅಂತ ಬರೆಯುತ್ತಾರೆ. ಬೇಡ. 'ವಿ ಅರೈವ್ಡ್ ದೇರ್ ಅಟ್ 9' ಸಾಕು. ಆದರೆ 'ಹೌಸ್' ಬಂದರೆ ಕಥೆ ಬದಲು. 'ಅರೈವ್ಡ್ ಅಟ್ ಮೈ ಆಂಟ್ಸ್ ಹೌಸ್'. ಅಲ್ಲಿ 'ಅಟ್' ಬೇಕೇ ಬೇಕು.

ಬಂಗಾರಪೇಟೆ_ಪ್ಯಾಸೆಂಜರ್

ದಿನಾ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವನು ನಾನು. ನನಗೂ ಒಂದು ಅನುಮಾನ ಬಹಳ ದಿನದಿಂದ ಇತ್ತು. ಸ್ಟೇಷನ್ ಮೈಕಿನಲ್ಲಿ ರೈಲು ಬರುವುದನ್ನು ಹೇಳುವಾಗ 'ಆನ್ ಪ್ಲಾಟ್‌ಫಾರಂ ನಂಬರ್' ಅಂತ ಕೇಳಿಸುತ್ತದೆ. 'ಅಟ್' ಅಲ್ಲ, 'ಇನ್' ಅಲ್ಲ, 'ಆನ್'. ಇದು ಸರಿಯಾ ಮೇಷ್ಟ್ರೇ?

ಮತ್ತೆ ಇನ್ನೊಂದು. ಬಂಗಾರಪೇಟೆ ನಾವು ಇರುವ ಊರು. ಅದಕ್ಕೆ 'ಇನ್' ಅನ್ನಬೇಕು. ಆದರೆ ಚೆನ್ನೈ ಕಡೆ ಹೋಗುವ ರೈಲು ಬಂಗಾರಪೇಟೆಗೆ ಇಷ್ಟು ಗಂಟೆಗೆ ಬರುತ್ತದೆ ಅನ್ನುವಾಗ 'ಅರೈವ್ಸ್ ಅಟ್ ಬಂಗಾರಪೇಟೆ' ಅಂತ ಬರೆದದ್ದನ್ನೂ ನೋಡಿದ್ದೇನೆ. ಬರೆದವರು ತಪ್ಪು ಮಾಡಿದ್ದಾರಾ?

ನಿವೃತ್ತ_ಮೇಷ್ಟ್ರು_ತಿಪಟೂರು

ಎರಡೂ ಸರಿ. ನಿಮ್ಮ ಪ್ರಶ್ನೆಯಿಂದಲೇ ಸಂಜೆಯ ಪಾಠ ಶುರುಮಾಡುತ್ತೇನೆ.

ಮೊದಲು ಎರಡನೆಯದು. ಶಿರಾಗೇಟ್ ಅವರು ಅಳತೆಯ ಲೆಕ್ಕ ಕೂಡುತ್ತಿಲ್ಲ ಅಂದರು. ಅವರ ಮಾತು ಸರಿ. ಜಾಗ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಮಾತಾಡುವವನು ಅದನ್ನು ಹೇಗೆ ನೋಡುತ್ತಿದ್ದಾನೆ ಅನ್ನುವುದು ಮುಖ್ಯ. ನಕ್ಷೆಯ ಮೇಲಿನ ಒಂದು ಚುಕ್ಕಿಯಾಗಿ ನೋಡಿದರೆ 'ಅಟ್'. ಸುತ್ತ ಬೀದಿ, ಮನೆ, ಜನ ಇರುವ, ನಾವು ಒಳಗೆ ಸೇರಿಕೊಳ್ಳುವ ಜಾಗವಾಗಿ ನೋಡಿದರೆ 'ಇನ್'. ಚೆನ್ನೈಗೆ ಹೋಗುವ ರೈಲಿಗೆ ಬಂಗಾರಪೇಟೆ ದಾರಿಯ ಒಂದು ಚುಕ್ಕಿ, ನಿಂತು ಹೊರಡುವ ಕಡೆ. ಅದಕ್ಕೆ 'ಅಟ್ ಬಂಗಾರಪೇಟೆ'. ನಿಮಗೆ ಅದು ಊರು. ಇಳಿದು, ಟೀ ಕುಡಿದು, ಬೀದಿ ದಾಟಿ ಮನೆಗೆ ಹೋಗುವ ಊರು. ನೀವು 'ಐ ಅರೈವ್ಡ್ ಇನ್ ಬಂಗಾರಪೇಟೆ' ಅನ್ನಿ.

ಮುದ್ದೇನಹಳ್ಳಿ ತೆಗೆದುಕೊಳ್ಳಿ. ಚಿಕ್ಕಬಳ್ಳಾಪುರದ ಹತ್ತಿರದ ಹಳ್ಳಿ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಅಲ್ಲೇ, 'ಬಾರ್ನ್ ಇನ್ ಮುದ್ದೇನಹಳ್ಳಿ'. ಒಂದು ದಿನದ ಪ್ರವಾಸ ಹೋದ ಶಾಲೆಯವರು ಬೆಳಿಗ್ಗೆ ನಂದಿಬೆಟ್ಟ ನೋಡಿ ಹನ್ನೊಂದಕ್ಕೆ ಮುದ್ದೇನಹಳ್ಳಿಗೆ ಬಂದರು ಅಂದುಕೊಳ್ಳಿ. ಅವರು 'ಅರೈವ್ಡ್ ಅಟ್ ಮುದ್ದೇನಹಳ್ಳಿ ಅಟ್ 11' ಅಂದರೆ ತಪ್ಪಿಲ್ಲ. ಹಳ್ಳಿ ಅಷ್ಟೇ ಇದೆ, ನೋಡುವ ಕಣ್ಣು ಬದಲಾಯಿತು. ಆದರೆ ದೇಶಕ್ಕೆ, ರಾಜ್ಯಕ್ಕೆ ಈ ಸ್ವಾತಂತ್ರ್ಯ ಇಲ್ಲ. 'ಅರೈವ್ ಅಟ್ ಇಂಡಿಯಾ' ಆಗುವುದಿಲ್ಲ. ದೊಡ್ಡ ನಗರಕ್ಕೂ 'ಇನ್' ಹಾಕುವುದೇ ಒಳ್ಳೆಯದು.

ಏರ್‌ಪೋರ್ಟ್ ಎಷ್ಟೇ ದೊಡ್ಡದಿರಲಿ, ನಾವು ಅದನ್ನು ಒಂದು ಕೆಲಸಕ್ಕೆ ಹೋಗುವ ಕಡೆಯಾಗಿ ನೋಡುತ್ತೇವೆ. ವಿಮಾನ ಹತ್ತುವ, ಇಳಿಯುವ ಕಡೆ. ಅದಕ್ಕೆ 'ಅಟ್'. ಆಫೀಸ್, ಆಸ್ಪತ್ರೆ, ಕಾಲೇಜು, ಮಠ, ಮದುವೆ, ಮೀಟಿಂಗ್ ಎಲ್ಲವೂ ಹೀಗೆಯೇ. ಮದುವೆ ಒಂದು ಜಾಗವೇ ಅಲ್ಲ, ಆದರೂ 'ಅರೈವ್ಡ್ ಅಟ್ ದಿ ವೆಡ್ಡಿಂಗ್'.

ಈಗ 'ಆನ್'. ಮೇಲೆ ನಿಲ್ಲುವ ಜಾಗಕ್ಕೆ 'ಆನ್'. ಪ್ಲಾಟ್‌ಫಾರಂ ಮೇಲೆ, ದಡದ ಮೇಲೆ, ಚಿಕ್ಕ ದ್ವೀಪದ ಮೇಲೆ. ಶ್ರೀಲಂಕಾ ದ್ವೀಪವೇ, ಆದರೆ ದೇಶ ಅಂತ ನೋಡುವುದರಿಂದ 'ಇನ್ ಶ್ರೀಲಂಕಾ'. ಕ್ಯಾಂಪಸ್‌ಗೆ 'ಆನ್ ಕ್ಯಾಂಪಸ್'. ಪೊಲೀಸರು ಸ್ಥಳಕ್ಕೆ ಬಂದರು ಅನ್ನುವುದಕ್ಕೆ 'ಅರೈವ್ಡ್ ಆನ್ ದಿ ಸೀನ್' ಅಥವಾ 'ಅಟ್ ದಿ ಸೀನ್', ಎರಡೂ ನಡೆಯುತ್ತವೆ.

ಏರ್‌ಪೋರ್ಟ್_ಕ್ಯಾಬ್_ಚಿಕ್ಕಬಳ್ಳಾಪುರ

ನಮಸ್ಕಾರ ಮೇಷ್ಟ್ರೇ. ನಾನು ಚಿಕ್ಕಬಳ್ಳಾಪುರದವನು. ಏರ್‌ಪೋರ್ಟ್‌ನಲ್ಲಿ ಕ್ಯಾಬ್ ಓಡಿಸುತ್ತೇನೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತಿದ್ದು ಕಡಿಮೆ, ಕಸ್ಟಮರ್ ಮೆಸೇಜ್ ಓದಿ ಓದಿ ಕಲಿತಿದ್ದು ಜಾಸ್ತಿ. ನೀವು ಹೇಳಿದ್ದು ನನಗೆ ದಿನಾ ಕಾಣುತ್ತದೆ.

ಕಸ್ಟಮರ್ 'ಅರೈವ್ಡ್ ಇನ್ ಬೆಂಗಳೂರು' ಅಂತ ಕಳಿಸಿದರೆ ವಿಮಾನ ಈಗ ಇಳಿದಿದೆ ಅಂತ ಅರ್ಥ. ಅವರು ಇನ್ನೂ ಸೀಟಿನಲ್ಲೇ ಇರಬಹುದು. ಲಗೇಜ್ ಬರಬೇಕು. ನಾನು ಗಾಡಿ ತೆಗೆಯುವುದಿಲ್ಲ. 'ಅರೈವ್ಡ್ ಅಟ್ ದಿ ಪಿಕಪ್ ಪಾಯಿಂಟ್' ಅಂತ ಬಂದರೆ ಆ ನಿಮಿಷವೇ ಅಲ್ಲಿರಬೇಕು. ಟರ್ಮಿನಲ್ 2 ಶುರುವಾದಮೇಲೆ ಇನ್ನೂ ಹುಷಾರಾಗಿರಬೇಕು. 'ಅಟ್ ಟರ್ಮಿನಲ್ 1' ಅಂತಿದ್ದರೆ ಅಲ್ಲಿಗೇ ಹೋಗಬೇಕು, ಸುಮ್ನೆ 'ಅಟ್ ದಿ ಏರ್‌ಪೋರ್ಟ್' ಅಂತಿದ್ದರೆ ಫೋನ್ ಮಾಡಿ ಕೇಳುತ್ತೇನೆ. 'ಇನ್' ನೋಡಿದರೆ ಟೈಮ್ ಇದೆ, 'ಅಟ್' ನೋಡಿದರೆ ಟೈಮ್ ಇಲ್ಲ. ನನಗೆ ಗ್ರಾಮರ್ ಅಂದರೆ ಇದೇ.

ನಾನು ಕಳಿಸುವ ಮೆಸೇಜ್ 'ಐ ಹ್ಯಾವ್ ರೀಚ್ಡ್'. ಎರಡು ವರ್ಷದಿಂದ ಅದನ್ನೇ ಕಳಿಸುತ್ತಿದ್ದೇನೆ. ಒಬ್ಬ ಫಾರಿನ್ ಕಸ್ಟಮರ್ ಮಾತ್ರ ತಿರುಗಿ 'ರೀಚ್ಡ್ ವೇರ್?' ಅಂತ ಕೇಳಿದ್ದರು. ತಪ್ಪು ಇದೆಯಾ?

ಕೋಲಾರದ_ಅಕ್ಕ

ಅಣ್ಣ, ನೀವು ಬರೆದದ್ದನ್ನು ನಾಳೆ ನನ್ನ ಟ್ಯೂಷನ್ ಮಕ್ಕಳಿಗೆ ಹೇಳುತ್ತೇನೆ. 'ಇನ್'ಗೂ 'ಅಟ್'ಗೂ ಇಷ್ಟು ಚೆನ್ನಾಗಿರುವ ಉದಾಹರಣೆ ನನಗೆ ಹೊಳೆದಿರಲಿಲ್ಲ.

'ಐ ಹ್ಯಾವ್ ರೀಚ್ಡ್' ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಎಲ್ಲರೂ ಬಳಸುತ್ತಾರೆ. ಆದರೆ ಹೊರಗಿನವರಿಗೆ ಅರ್ಧ ವಾಕ್ಯದಂತೆ ಕೇಳುತ್ತದೆ. 'ಯಾವುದನ್ನು' ಅನ್ನುವ ಪ್ರಶ್ನೆಗೆ ಉತ್ತರ ಇಲ್ಲವಲ್ಲ. ಕಸ್ಟಮರ್ ಕೇಳಿದ್ದೂ ಅದನ್ನೇ. 'ಐ ಹ್ಯಾವ್ ಅರೈವ್ಡ್' ಅಂತ ಕಳಿಸಿ, ಅಥವಾ ಇನ್ನೂ ಸುಲಭವಾಗಿ 'ಐ ಆಮ್ ಹಿಯರ್, ಅಟ್ ದಿ ಪಿಕಪ್ ಪಾಯಿಂಟ್'. 'ಅರೈವ್' ಒಂಟಿಯಾಗಿ ನಿಲ್ಲುತ್ತದೆ. 'ರೀಚ್' ಒಂಟಿಯಾಗಿ ನಿಲ್ಲುವುದಿಲ್ಲ.

ಮಾಲೂರು_ರೈತ

ಎಲ್ಲ ಓದಿದೆ. ಒಂದು ಮಾತು ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ಆ ಹುಡುಗ ಬರೆದ ಮೇಲ್ ಓದಿದವರಿಗೆ ಅರ್ಥ ಆಗಲಿಲ್ಲವಾ? ಆಯಿತು. ಸೋಮವಾರ ಹತ್ತಕ್ಕೆ ಹೋದನಾ? ಹೋದ. ಮತ್ತೆ ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ? ನಮ್ಮ ಭಾಷೆ ಅಲ್ಲದ ಭಾಷೆಯಲ್ಲಿ ಒಂದು ಅಕ್ಷರ ಆಚೀಚೆ ಆದರೆ ನಗುವವರದ್ದೇ ತಪ್ಪು. ನನ್ನ ಮಗಳೂ ಓದುತ್ತಿದ್ದಾಳೆ. ಇದೇ ಹೆದರಿಕೆಯಿಂದ ಬಾಯಿಯೇ ಬಿಡುವುದಿಲ್ಲ. ನೋಡಿದರೆ ಸಂಕಟವಾಗುತ್ತದೆ.

ಕೆಜಿಎಫ್_ನರ್ಸ್

ಮಾಲೂರಿನ ಅಣ್ಣ, ನಕ್ಕವರದ್ದೇ ತಪ್ಪು ಅನ್ನುವುದನ್ನು ನೂರಕ್ಕೆ ನೂರು ಒಪ್ಪುತ್ತೇನೆ. ನಿಮ್ಮ ಮಗಳಿಗೆ ಧೈರ್ಯವಾಗಿ ಮಾತಾಡು ಅಂತ ಹೇಳಿ. ಮಾತಿನಲ್ಲಿ 'ಅರೈವ್ ಟು' ಅಂದರೂ ಯಾರಿಗೂ ತೊಂದರೆ ಆಗುವುದಿಲ್ಲ.

ಆದರೆ ಬರೆಯುವ ಕೆಲಸ ಬೇರೆ. ನಾನು ಇಂಗ್ಲೆಂಡಿನಲ್ಲಿ ನರ್ಸ್. ನಾವು ಬರೆದ ನೋಟ್ಸ್ ಓದಿ ಇನ್ನೊಬ್ಬರು ಔಷಧಿ ಕೊಡುತ್ತಾರೆ. ಇಲ್ಲಿ 'ಅರೈವ್ಡ್ ಅಟ್ ದಿ ಹಾಸ್ಪಿಟಲ್ ಅಟ್ 2' ಅಂದರೆ ಆಸ್ಪತ್ರೆ ಬಾಗಿಲಿಗೆ ಬಂದ ಹೊತ್ತು. 'ಅರೈವ್ಡ್ ಆನ್ ದಿ ವಾರ್ಡ್ ಅಟ್ 6' ಅಂದರೆ ವಾರ್ಡಿಗೆ ಬಂದ ಹೊತ್ತು. ಹೌದು, ಇಲ್ಲಿ ವಾರ್ಡಿಗೆ 'ಆನ್' ಅನ್ನುತ್ತಾರೆ. ನಾನು ಮೊದಲು 'ಇನ್' ಅನ್ನುತ್ತಿದ್ದೆ, ಕೇಳಿ ಕೇಳಿ ಬದಲಾಯಿತು. ಎರಡರ ನಡುವೆ ನಾಲ್ಕು ಗಂಟೆ ಇದೆ. ಆ ನಾಲ್ಕು ಗಂಟೆ ಪೇಶೆಂಟ್‌ಗೆ ಏನೇನು ಕೊಟ್ಟಿದ್ದಾರೆ ಅನ್ನುವುದು ನಮಗೆ ಬೇಕು.

ಅರ್ಥವೇ ತಿರುಗಿಹೋಗುವ ಕಡೆಯೂ ಇದೆ. 'ಅರೈವ್'ಗೆ 'ಅಟ್' ಸರಿ ಅಂತ ಕಲಿತವರು ಕೆಲವರು 'ಕಮ್'ಗೂ 'ಅಟ್' ಹಾಕುತ್ತಾರೆ. 'ಹಿ ಕೇಮ್ ಟು ಮಿ' ಅಂದರೆ ನನ್ನ ಹತ್ತಿರ ಬಂದ. 'ಹಿ ಕೇಮ್ ಅಟ್ ಮಿ' ಅಂದರೆ ಹೊಡೆಯಲು ಮೈಮೇಲೆ ಏರಿ ಬಂದ. ಆಸ್ಪತ್ರೆಯಲ್ಲಿ ಹೀಗೆ ಬರೆದರೆ ವಿಚಾರಣೆಯೇ ಶುರುವಾಗಬಹುದು. ಹೆದರಿಸಲು ಹೇಳುತ್ತಿಲ್ಲ ಅಣ್ಣ. ಈ ಚಿಕ್ಕ ಪದಗಳಿಗೂ ಒಂದು ಕೆಲಸ ಇದೆ, ಅದಕ್ಕೆ ಕಲಿಯಬೇಕು. ಯಾರೋ ನಗುತ್ತಾರೆ ಅಂತ ಅಲ್ಲ.

ಮಾಲೂರು_ರೈತ

ಸರಿ ಕಣಮ್ಮ, ಈಗ ಅರ್ಥವಾಯಿತು. ಮಗಳಿಗೆ ಇದನ್ನು ತೋರಿಸುತ್ತೇನೆ. ಎಪಿಎಂಸಿಯಲ್ಲಿ ಟೊಮೆಟೊ ಆವಕ ಅಂತ ಬೋರ್ಡ್ ಹಾಕುತ್ತಾರಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ 'ಅರೈವಲ್ಸ್' ಅಂತ ಇರುತ್ತದೆ. ನಮ್ಮ ಲೋಡ್ ಮಾರ್ಕೆಟ್‌ಗೆ ಬೆಳಿಗ್ಗೆ 5ಕ್ಕೆ ಬಂತು ಅನ್ನುವುದನ್ನು ಹೇಗೆ ಹೇಳುವುದು?

ಕೋಲಾರದ_ಅಕ್ಕ

'ಅವರ್ ಲೋಡ್ ಅರೈವ್ಡ್ ಅಟ್ ದಿ ಮಾರ್ಕೆಟ್ ಅಟ್ 5 ಇನ್ ದಿ ಮಾರ್ನಿಂಗ್.' ಎರಡು 'ಅಟ್' ಬಂತು ಅಂತ ಗಾಬರಿ ಬೇಡ. ಮೊದಲನೆಯದು ಜಾಗದ್ದು, ಎರಡನೆಯದು ಗಂಟೆಯದು. ಗಂಟೆಗೆ 'ಅಟ್', ವಾರಕ್ಕೆ 'ಆನ್ ಮಂಡೇ', ತಿಂಗಳಿಗೆ ವರ್ಷಕ್ಕೆ 'ಇನ್'. 'ಲಾಸ್ಟ್ ಮಂಡೇ', 'ನೆಕ್ಸ್ಟ್ ವೀಕ್' ಬಂದರೆ ಯಾವುದೂ ಬೇಡ. ಮಗಳನ್ನು ಒಂದು ಭಾನುವಾರ ಕಳಿಸಿ, ನಾನು ಮಾತಾಡಿಸುತ್ತೇನೆ.

ನಂದಿತಪ್ಪಲು

ನಾನು ಮೊದಲು ಹೇಳಿದ ದೊಡ್ಡದು ಚಿಕ್ಕದು ನಿಯಮ ಅರ್ಧಂಬರ್ಧ ಅಂತ ಈಗ ಗೊತ್ತಾಯಿತು. ನನ್ನದೊಂದು ಉಪಾಯ ಹೇಳುತ್ತೇನೆ, ಸರಿಯಾ ನೋಡಿ ಮೇಷ್ಟ್ರೇ. ಫೋನಿನಲ್ಲಿ ನಾವು 'ಸ್ಟೇಷನ್ ಹತ್ರ ಬಂದಿದ್ದೀನಿ', 'ಗೇಟ್ ಹತ್ರ ಇದ್ದೀನಿ' ಅನ್ನುತ್ತೇವೆ. 'ಹತ್ರ' ಅನ್ನಲು ಆಗುವ ಕಡೆ 'ಅಟ್', 'ಒಳಗೆ' ಅನ್ನುವ ಕಡೆ 'ಇನ್', 'ಮೇಲೆ' ಅನ್ನುವ ಕಡೆ 'ಆನ್'. ನಡೆಯುತ್ತದಾ?

ಇನ್ನೊಂದು. ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ 'ಅರೈವ್ಡ್ ಟು' ಅಂತಲೇ ಓದಿದ ನೆನಪು. ಅಚ್ಚಾದದ್ದೂ ತಪ್ಪಾ?

ನಿವೃತ್ತ_ಮೇಷ್ಟ್ರು_ತಿಪಟೂರು

ಉಪಾಯ ಚೆನ್ನಾಗಿದೆ, ಒಂದು ಎಚ್ಚರಿಕೆ ಇಟ್ಟುಕೊಂಡು ಬಳಸಿ. ನಮ್ಮ 'ಹತ್ರ' ಎರಡು ಅರ್ಥ ಕೊಡುತ್ತದೆ. ಸ್ಟೇಷನ್ನಿಗೇ ಬಂದಿದ್ದರೂ 'ಹತ್ರ', ಇನ್ನೂ ಅರ್ಧ ಕಿಲೋಮೀಟರ್ ಇದ್ದರೂ 'ಹತ್ರ'. ಇಂಗ್ಲಿಷಿನಲ್ಲಿ ಮೊದಲನೆಯದು 'ಅಟ್', ಎರಡನೆಯದು 'ನಿಯರ್'.

'ಅರೈವ್' ಪಕ್ಕದಲ್ಲಿ 'ಟು' ಬರುವ ಕಡೆ ಇದೆ. ಆದರೆ ಆ 'ಟು' ಜಾಗದ್ದಲ್ಲ. 'ಶಿ ಅರೈವ್ಡ್ ಟು ಫೈಂಡ್ ದಿ ಡೋರ್ ಲಾಕ್ಡ್', ಅಂದರೆ ಬಂದು ನೋಡಿದರೆ ಬಾಗಿಲಿಗೆ ಬೀಗ. 'ಹಿ ಅರೈವ್ಡ್ ಟು ಎ ವಾರ್ಮ್ ವೆಲ್ಕಮ್', ಅಂದರೆ ಬಂದಾಗ ಒಳ್ಳೆಯ ಸ್ವಾಗತ ಸಿಕ್ಕಿತು. ಇಲ್ಲಿ ಊರಿನ ಹೆಸರೇ ಇಲ್ಲ ನೋಡಿ. ನೀವು ಓದಿದ್ದು ಇಂಥದ್ದೇ ಇರಬಹುದು. ಇನ್ನು ತೀರ್ಮಾನಕ್ಕೆ ಬಂದೆವು ಅನ್ನುವುದಕ್ಕೆ ಯಾವಾಗಲೂ 'ಅರೈವ್ಡ್ ಅಟ್ ಎ ಡಿಸಿಷನ್'. ಅಲ್ಲಿ 'ಇನ್' ಬರುವುದೇ ಇಲ್ಲ.

ಕೊನೆಯದಾಗಿ ಶಿರಾಗೇಟ್ ಅವರಿಗೆ ಒಂದು ಮಾತು. ನಮ್ಮ 'ಗೆ' ಎರಡು ಕೆಲಸ ಮಾಡುತ್ತದೆ. 'ಆಫೀಸಿಗೆ ಬರುತ್ತೇನೆ', 'ಇಂಟರ್‌ವ್ಯೂಗೆ ಬರುತ್ತೇನೆ'. ಮೊದಲನೆಯದು ಜಾಗ, ಎರಡನೆಯದು ಯಾತಕ್ಕೆ ಅನ್ನುವುದು. ಯಾತಕ್ಕೆ ಅನ್ನುವ ಕಡೆ 'ಫಾರ್' ಹಾಕಬೇಕು. 'ಅರೈವ್ ಅಟ್ ದಿ ಆಫೀಸ್ ಫಾರ್ ದಿ ಇಂಟರ್‌ವ್ಯೂ'. ಹೊರಡುವಾಗಲೂ ನೋಡಿಕೊಳ್ಳಿ. 'ಲೀವ್ ತುಮಕೂರು' ಅಂದರೆ ತುಮಕೂರು ಬಿಡುವುದು. 'ಲೀವ್ ಫಾರ್ ತುಮಕೂರು' ಅಂದರೆ ತುಮಕೂರಿಗೆ ಹೊರಡುವುದು. ಒಂದು 'ಫಾರ್' ಬಿಟ್ಟರೆ ಬಸ್ಸು ತಿರುಗಿ ನಿಲ್ಲುತ್ತದೆ.

ಶಿರಾಗೇಟ್_ತುಮಕೂರು

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಆ ಕೆಲಸ ಸಿಗಲಿಲ್ಲ. ಇವತ್ತು ಇನ್ನೊಂದು ಕಡೆಯಿಂದ ಕರೆ ಬಂದಿದೆ, ನರಸಾಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಗುರುವಾರ 11ಕ್ಕೆ. ಹಿಂದಿನ ದಿನ ಕೋಲಾರಕ್ಕೆ ಬಂದು ಸ್ನೇಹಿತನ ಮನೆಯಲ್ಲಿ ಉಳಿಯುತ್ತೇನೆ. ಮೇಲ್ ಬರೆದಿದ್ದೇನೆ, ಕಳಿಸುವ ಮೊದಲು ಒಂದು ಸಲ ನೋಡಿ:

'ಐ ವಿಲ್ ಲೀವ್ ತುಮಕೂರು ಆನ್ ವೆಡ್ನೆಸ್‌ಡೇ ಅಂಡ್ ಅರೈವ್ ಇನ್ ಕೋಲಾರ ದಟ್ ಈವನಿಂಗ್. ಐ ವಿಲ್ ರೀಚ್ ಯುವರ್ ಪ್ಲಾಂಟ್ ಬೈ 10.30 ಆನ್ ಥರ್ಸ್‌ಡೇ ಫಾರ್ ದಿ ಇಂಟರ್‌ವ್ಯೂ.'

'ದಟ್ ಈವನಿಂಗ್' ಹಿಂದೆ 'ಇನ್' ಹಾಕಿದ್ದೆ, ಅಕ್ಕ ಹೇಳಿದ್ದು ನೆನಪಾಗಿ ತೆಗೆದೆ. 'ಬೈ' ಮಾತ್ರ ಅನುಮಾನ. 'ಅಟ್ 10.30' ಆಗಬೇಕಾ?

ಕೋಲಾರದ_ಅಕ್ಕ

'ಬೈ' ಸರಿ ತಮ್ಮ. ಹತ್ತೂವರೆ ಒಳಗೆ ಅಂತ ಅರ್ಥ. 'ಅಟ್' ಅಂದರೆ ಹತ್ತೂವರೆಗೆ ಸರಿಯಾಗಿ ಅಂತಾಗುತ್ತದೆ, ಬಸ್ಸಿನಲ್ಲಿ ಬರುವವನಿಗೆ ಅದು ಬೇಡ. ಮೇಲ್‌ನಲ್ಲಿ ಒಂದೂ ತಪ್ಪಿಲ್ಲ, ಕಳಿಸು. ಕೋಲಾರ ಬಸ್ ಸ್ಟ್ಯಾಂಡಿನಿಂದ ನರಸಾಪುರ ಬೆಂಗಳೂರು ಕಡೆಗೆ ಬರುತ್ತದೆ, ಹೈವೇಯಲ್ಲೇ. ಗುರುವಾರ ಬೆಳಿಗ್ಗೆ ಸ್ವಲ್ಪ ಬೇಗ ಹೊರಡು, ಆ ಹೊತ್ತಿಗೆ ಕಂಪನಿ ಬಸ್ಸು ಜಾಸ್ತಿ ಇರುತ್ತವೆ.

ಏರ್‌ಪೋರ್ಟ್_ಕ್ಯಾಬ್_ಚಿಕ್ಕಬಳ್ಳಾಪುರ

ಗೇಟ್ ಹತ್ರ ಬಂದಮೇಲೆ ಇಲ್ಲಿ ಒಂದು ಮೆಸೇಜ್ ಹಾಕು ತಮ್ಮ. 'ಅರೈವ್ಡ್ ಅಟ್ ದಿ ಗೇಟ್' ಅಂತ.